ಮಳೆಗೂ ಬಸ್ಸಿಗೂ ಹೊಂದೋ ಪುಟ್ಟ ಗೇಮಿಂಗ್ ಪಿಸಿ: ಕೊಡಗಿನ ಮನೆಗೆ ಪಾರ್ಟ್ಸ್ ಆರಿಸೋದು ಹೇಗೆ

ನಮ್ಮನೆ ಮೂರ್ನಾಡು ಕಡೆ, ಕೆಲಸ ಬೆಂಗಳೂರಲ್ಲಿ. ಎರಡು ವಾರಕ್ಕೊಂದ್ಸಲ ಬಸ್ ಹತ್ತಿ ಊರಿಗೆ ಬರೋದು, ಮಳೆಗಾಲದಲ್ಲಿ ಮನೆಯಿಂದಾನೇ ಕೆಲಸ ಮಾಡೋಕೆ ಬಿಟ್ರೆ ತಿಂಗಳುಗಟ್ಟಲೆ ತೋಟದ ಮನೇಲೇ ಬಿದ್ದಿರೋದು. ಗೇಮಿಂಗ್ ಲ್ಯಾಪ್‌ಟಾಪ್ ತಗೋ ಅಂತ ಎಲ್ರೂ ಹೇಳಿದ್ರು, ತಗೊಂಡೂ ಆಯ್ತು, ಎರಡೇ ವರ್ಷಕ್ಕೆ ಅದರ ಫ್ಯಾನು ಭತ್ತದ ಮಿಲ್ಲಿನ ಥರ ಕೂಗೋಕೆ ಶುರು ಮಾಡ್ತು, ಒಳಗಿನ ಗ್ರಾಫಿಕ್ಸ್ ಬದಲಾಯಿಸೋಣ ಅಂದ್ರೆ ಅದು ಮದರ್‌ಬೋರ್ಡಿಗೇ ಬೆಸೆದಿರತ್ತೆ. ಅದಕ್ಕೇ ಕೊನೆಗೆ ಬ್ಯಾಗಲ್ಲಿ ಹಾಕ್ಕೊಂಡು ಬರೋ ಸೈಜಿನ ಡೆಸ್ಕ್‌ಟಾಪ್ ಕಟ್ಟಿದೆ. ಆಮೇಲೆ ಚಿಕ್ಕಪ್ಪನ ಮಗನಿಗೊಂದು, ವಿರಾಜಪೇಟೆಯ ಫ್ರೆಂಡಿಗೊಂದು. ಕಟ್ಟೋವಾಗ ಕೆಲವು ತಪ್ಪು ಮಾಡಿದೀನಿ, ಅದನ್ನೂ ಸೇರಿಸೇ ಬರೀತೀನಿ.

ದೊಡ್ಡ ಪಿಸಿ ಕಟ್ಟೋವಾಗ ದುಡ್ಡಿನ ಲೆಕ್ಕ ಹಾಕಿದ್ರೆ ಸಾಕು. ಚಿಕ್ಕದು ಕಟ್ಟೋವಾಗ ಮಿಲಿಮೀಟರ್ ಲೆಕ್ಕ ಹಾಕ್ಬೇಕು. ನಮ್ಮೂರಾದ್ರೆ ಅದರ ಮೇಲೆ ಕರೆಂಟು, ತೇವ ಎರಡರ ಲೆಕ್ಕಾನೂ ಬೀಳತ್ತೆ. ಯೂಟ್ಯೂಬಲ್ಲಿ ನೋಡೋ ವಿಡಿಯೋಗಳಲ್ಲಿ ಈ ಕೊನೇ ಎರಡು ಯಾರೂ ಹೇಳಲ್ಲ, ಅವರ ರೂಮಲ್ಲಿ ಗೋಡೆ ಬೆವರಲ್ಲ ನೋಡಿ.

1. ಮೊದಲು ಕೇಸ್, ಉಳಿದದ್ದು ಆಮೇಲೆ

ಸಾಮಾನ್ಯವಾಗಿ ಜನ ಮೊದಲು ಗ್ರಾಫಿಕ್ಸ್ ಕಾರ್ಡ್ ಆರಿಸ್ತಾರೆ, ಕೇಸನ್ನ, ಅಂದ್ರೆ ಎಲ್ಲಾ ಪಾರ್ಟ್ಸ್ ಕೂರೋ ಡಬ್ಬಾನ, ಕೊನೆಗೆ ಉಳಿದ ದುಡ್ಡಲ್ಲಿ ತಗೋತಾರೆ. ಚಿಕ್ಕ ಪಿಸಿಯಲ್ಲಿ ಇದು ಉಲ್ಟಾ. ಕೇಸ್ ಯಾವ್ದು ಅಂತ ತೀರ್ಮಾನ ಆಗೋವರೆಗೆ ಬೇರೆ ಒಂದು ಸ್ಕ್ರೂ ಕೂಡ ಆರ್ಡರ್ ಮಾಡ್ಬೇಡಿ.

ಈ ಕೇಸುಗಳನ್ನ ಅಳೆಯೋದು ಲೀಟರಲ್ಲಿ. ಕೇಳಿದ್ರೆ ನಗು ಬರತ್ತೆ, ಆದ್ರೆ ಲೆಕ್ಕ ಸುಲಭ: ಉದ್ದ, ಅಗಲ, ಎತ್ತರ ಸೆಂಟಿಮೀಟರಲ್ಲಿ ಗುಣಿಸಿ ಸಾವಿರದಿಂದ ಭಾಗಿಸಿ. ಕೂಲರ್ ಮಾಸ್ಟರ್ ಎನ್‌ಆರ್200 ಅನ್ನೋ ಕೇಸು 18 ಲೀಟರ್ ಚಿಲ್ಲರೆ, ಅಂದ್ರೆ ಅಂಗಡಿಗಳಲ್ಲಿ ಮಗುಚಿ ಇಟ್ಟಿರ್ತಾರಲ್ಲ 20 ಲೀಟರ್ ನೀರಿನ ಕ್ಯಾನು, ಹೆಚ್ಚುಕಮ್ಮಿ ಅಷ್ಟು ಜಾಗ. ಫ್ರಾಕ್ಟಲ್ ಟೆರ್ರಾ 10.4 ಲೀಟರ್, ಅದರ ಅರ್ಧ ಅನ್ಕೊಳ್ಳಿ. ಮಾಮೂಲಿ ಟವರ್ ಕೇಸುಗಳು 40 ಲೀಟರ್ ಮೇಲೇನೇ.

ಈಗ ಯಾವ್ದು ಬೇಕು? ಹೊಸಬರಿಗೆ ನಾನು ಕಣ್ಣು ಮುಚ್ಕೊಂಡು ಹೇಳೋದು 15ರಿಂದ 20 ಲೀಟರ್ ಒಳಗಿಂದು. 10 ಲೀಟರಿನವು ನೋಡೋಕೆ ಚಂದ, ಆದ್ರೆ ಒಳಗಡೆ ಬೋರ್ಡು ಒಂದು ಕಡೆ, ಗ್ರಾಫಿಕ್ಸ್ ಕಾರ್ಡ್ ಅದರ ಬೆನ್ನಿಗೆ ಬೆನ್ನು ಕೊಟ್ಟು ಇನ್ನೊಂದು ಕಡೆ, ಮಧ್ಯೆ ರೈಸರ್ ಕೇಬಲ್ ಅನ್ನೋ ಪಟ್ಟಿ. ಟೆರ್ರಾದಲ್ಲಿ ಮಧ್ಯದ ಗೋಡೆ ಆಚೀಚೆ ಸರಿಸ್ಬೋದು, ಪ್ರೊಸೆಸರ್ ಕೂಲರಿಗೆ ಜಾಗ ಕೊಟ್ರೆ ಕಾರ್ಡಿಗೆ ಕಮ್ಮಿ, ಕಾರ್ಡಿಗೆ ಕೊಟ್ರೆ ಕೂಲರಿಗೆ ಕಮ್ಮಿ. ಅಣ್ಣತಮ್ಮಂದಿರ ಪಾಲು ಪಟ್ಟಿ ಇದ್ದ ಹಾಗೆ, ಒಟ್ಟು ಜಾಗ ಅಷ್ಟೇ. ಮೊದಲನೇ ಸಲ ಕಟ್ಟೋರು ಈ ತಲೆನೋವಿಗೆ ಹೋಗ್ಬೇಡಿ.

ಕೇಸ್ ಸ್ಪೆಕ್ ಶೀಟಲ್ಲಿ ಮೂರು ವಿಷಯ ಬರ್ಕೊಳ್ಳಿ: ಗ್ರಾಫಿಕ್ಸ್ ಕಾರ್ಡಿನ ಉದ್ದ ಮತ್ತೆ ದಪ್ಪ, ಸಿಪಿಯು (ಪ್ರೊಸೆಸರ್) ಕೂಲರ್ ಎತ್ತರ, ಕರೆಂಟ್ ಕೊಡೋ ಪವರ್ ಸಪ್ಲೈ ಅಂದ್ರೆ ಎಸ್‌ಎಂಪಿಎಸ್ ಸೈಜು. ಎನ್‌ಆರ್200ರಲ್ಲಿ ಕಾರ್ಡ್ 330 ಎಂಎಂ, ಕೂಲರ್ 155 ಎಂಎಂ ವರೆಗೆ. ಈ 155 ಅನ್ನೋದು ಸುಮ್ನೆ ಹೇಳೋ ಮಾತಲ್ಲ. ನನ್ನ ಮೊದಲನೇ ತಪ್ಪು ಇದೇ, ಆಫರಲ್ಲಿ ಸಿಕ್ತು ಅಂತ 158 ಎಂಎಂ ಕೂಲರ್ ತಗೊಂಡೆ, ಮೂರು ಎಂಎಂ ತಾನೇ ಒತ್ತಿದ್ರೆ ಕೂರತ್ತೆ ಅನ್ಕೊಂಡೆ, ಕೂರ್ಲಿಲ್ಲ. ಸೈಡ್ ಮುಚ್ಚಳ ಹಾಕದೆ ಒಂದಿಡೀ ಮಳೆಗಾಲ ಓಡಿಸಿದೆ. ಅದರ ಕಥೆ ಮುಂದೆ ಬರತ್ತೆ.

2. ಗ್ರಾಫಿಕ್ಸ್ ಕಾರ್ಡ್

ದುಡ್ಡಿನ ದೊಡ್ಡ ಪಾಲು ಇಲ್ಲೇ ಹೋಗತ್ತೆ, ಹೋಗ್ಲಿ. ಆದ್ರೆ ನಿಮ್ಮ ಮಾನಿಟರ್ ಯಾವ್ದು ಅಂತ ಮೊದಲು ಕೇಳ್ಕೊಳ್ಳಿ. 1080ಪಿ, ಅಂದ್ರೆ ಮಾಮೂಲಿ ಫುಲ್ ಎಚ್‌ಡಿ ಮಾನಿಟರ್ ಇಟ್ಕೊಂಡು ದೊಡ್ಡ ಕಾರ್ಡ್ ಹಾಕೋದು ಅಂದ್ರೆ ಒಂದು ಏಲಕ್ಕಿ ಪುಡಿ ಮಾಡೋಕೆ ರುಬ್ಬೋ ಕಲ್ಲು ತಂದ ಹಾಗೆ.

ಚಿಕ್ಕ ಕೇಸಿಗೆ ನಾನು ನೋಡೋದು ಎರಡು: ವ್ಯಾಟು ಮತ್ತೆ ಕಾರ್ಡಿನ ಸ್ವಂತ ಮೆಮೊರಿ, ಅದೇ ವಿರ‍್ಯಾಮ್. ಆರ್‌ಟಿಎಕ್ಸ್ 4060 ಬರೀ 115 ವ್ಯಾಟ್ ಕುಡಿಯತ್ತೆ, 5060 ಅಂದ್ರೆ 145, ಎರಡರಲ್ಲೂ ವಿರ‍್ಯಾಮ್ 8 ಜಿಬಿ. ಆರ್‌ಎಕ್ಸ್ 9060 ಎಕ್ಸ್‌ಟಿ 16 ಜಿಬಿ ಮಾಡೆಲ್ 160 ವ್ಯಾಟ್ ಆಸುಪಾಸು, 5060 ಟಿಐ 180. ಈ ನಾಲ್ಕರಲ್ಲಿ ಆರಿಸು ಅಂದ್ರೆ ನಾನು 16 ಜಿಬಿ 9060 ಎಕ್ಸ್‌ಟಿ ಅಂತೀನಿ, ಈಗಿನ ಹೊಸ ಗೇಮುಗಳಲ್ಲಿ ಟೆಕ್ಸ್ಚರ್ (ಚಿತ್ರದ ಮೇಲ್ಮೈ ವಿವರ) ಹೈ ಇಟ್ರೆ 8 ಜಿಬಿ ಬೇಗ ತುಂಬಿ ಹೋಗತ್ತೆ, ತುಂಬಿದ ಮೇಲೆ ಸೆಕೆಂಡಿಗೆ ಬರೋ ಫ್ರೇಮುಗಳು, ಅದೇ ಎಫ್‌ಪಿಎಸ್ ಎಷ್ಟಿದ್ರೂ ಗೇಮು ತಡವರಿಸಿ ತಡವರಿಸಿ ಓಡತ್ತೆ. ಬರೀ ವ್ಯಾಲರಂಟು, ಸಿಎಸ್2, ಫೀಫಾ ಥರದ್ದು ಆಡೋರಿಗೆ 8 ಜಿಬಿ ಧಾರಾಳ, ಸುಮ್ನೆ ದುಡ್ಡು ಹಾಕ್ಬೇಡಿ.

ಒಂದೇ ಚಿಪ್ಪಿನ ಕಾರ್ಡನ್ನ ಹತ್ತು ಕಂಪ್ನಿ ಹತ್ತು ಸೈಜಲ್ಲಿ ಮಾಡ್ತಾರೆ. ಮೂರು ಫ್ಯಾನಿಂದು ಕೆಲವು 300 ಎಂಎಂ ದಾಟತ್ತೆ, ಎರಡು ಫ್ಯಾನಿಂದು 200ರಿಂದ 250ರೊಳಗೆ ಸಿಗತ್ತೆ. ದಪ್ಪ ಹೇಳೋದು ಸ್ಲಾಟ್ ಲೆಕ್ಕದಲ್ಲಿ, ಒಂದು ಸ್ಲಾಟ್ ಅಂದ್ರೆ 20 ಎಂಎಂ ಸುಮಾರು, ಎರಡೂವರೆ ಸ್ಲಾಟ್ ಅಂದ್ರೆ 50. ಕಂಪ್ನಿ ಹೇಳೋ ಅಗಲದಲ್ಲಿ ಪವರ್ ಕೇಬಲ್ ಬಗ್ಗೋ ಜಾಗ ಸೇರಿರಲ್ಲ, ಇದೊಂದು ನೆನಪಿರ್ಲಿ, ಕೇಬಲ್ ಮುಚ್ಚಳಕ್ಕೆ ಒತ್ಕೊಂಡು ಕೂತ್ರೆ ಕನೆಕ್ಟರ್ ಬಿಸಿಯಾಗತ್ತೆ. ಎರಡು ಸ್ಲಾಟ್, ಎರಡು ಫ್ಯಾನ್, 250 ಎಂಎಂ ಒಳಗೆ, ಇಷ್ಟು ಹಿಡ್ಕೊಂಡು ಹುಡುಕಿ.

3. ಪ್ರೊಸೆಸರ್ ಮತ್ತೆ ಕೂಲರ್

ಇಲ್ಲಿ ಜಾಸ್ತಿ ಯೋಚ್ನೆ ಬೇಡ. ರೈಜೆನ್ 5 7600 ತಗೊಳ್ಳಿ, ಆರು ಕೋರ್, 65 ವ್ಯಾಟ್, ಡಬ್ಬದಲ್ಲೇ ಒಂದು ಕೂಲರ್ ಬರತ್ತೆ. ದುಡ್ಡಿದ್ರೆ 7800 ಎಕ್ಸ್3ಡಿ, ಎಂಟು ಕೋರ್, 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರ್ ಒಳಗಿನ ವೇಗದ ಮೆಮೊರಿ), ಗೇಮಿಗೆ ಅಂತಾನೇ ಮಾಡಿದ್ದು, ಆದ್ರೆ ಕೂಲರ್ ಬೇರೆ ತಗೋಬೇಕು. ಹೆಸರಿನ ಕೊನೇಲಿ ಬರೀ ಎಕ್ಸ್ ಇರೋ ಮಾಡೆಲ್ ಕಮ್ಮಿಗೆ ಸಿಕ್ರೆ ಬಯೋಸಲ್ಲಿ (ವಿಂಡೋಸಿಗೂ ಮೊದಲು ಬರೋ ಬೋರ್ಡಿನ ಸೆಟ್ಟಿಂಗ್ ಪುಟ) ಇಕೋ ಮೋಡ್ ಹಾಕಿ 65 ವ್ಯಾಟಿಗೆ ಇಳಿಸಿ, ಗೇಮಲ್ಲಿ ವ್ಯತ್ಯಾಸ ಹುಡುಕಿದ್ರೂ ಸಿಗಲ್ಲ, ಬಿಸಿ ಮಾತ್ರ ಚೆನ್ನಾಗಿ ಇಳಿಯತ್ತೆ.

ನಮ್ಮೂರಿನ ಒಂದು ಲಾಭ ಇಲ್ಲಿದೆ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲೆ, ಜುಲೈಯಲ್ಲಿ ಮಧ್ಯಾಹ್ನಾನೂ ಸ್ವೆಟರ್ ಹಾಕ್ಕೊಂಡಿರ್ತೀವಿ. ರೂಮು 20 ಡಿಗ್ರಿ ಇದ್ರೆ, ರಾಯಚೂರಿನ 38 ಡಿಗ್ರಿ ರೂಮಲ್ಲಿರೋ ಅದೇ ಪಿಸಿಗಿಂತ ನಿಮ್ಮ ಚಿಪ್ಪು ಹತ್ತಿರ ಹತ್ತಿರ 18 ಡಿಗ್ರಿ ತಣ್ಣಗಿರತ್ತೆ. ಹಾಗಾಗಿ ನೀರಿನ ಕೂಲರ್, ಅದೇ ಎಐಒ, ನಮಗೆ ಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಪಂಪು ಕೆಟ್ರೆ ಇಲ್ಲಿ ರಿಪೇರಿ ಮಾಡೋರು ಯಾರು? ಗಾಳಿ ಕೂಲರಲ್ಲಿ ಕೆಡೋದು ಫ್ಯಾನ್ ಒಂದೇ, ಅದು ಯಾವ ಅಂಗಡೀಲಾದ್ರೂ ಸಿಗತ್ತೆ. 10 ಲೀಟರ್ ಕೇಸಾದ್ರೆ ಥರ್ಮಲ್‌ರೈಟ್ ಎಎಕ್ಸ್‌ಪಿ90-ಎಕ್ಸ್47 ಥರದ ಗಿಡ್ಡದು, ಎತ್ತರ 47 ಎಂಎಂ. ಎನ್‌ಆರ್200 ಥರದ್ದಾದ್ರೆ ಟವರ್ ಕೂಲರ್ ಹಿಡಿಯತ್ತೆ, ಎತ್ತರ ಎರಡೆರಡು ಸಲ ನೋಡ್ಕೊಳ್ಳಿ ಅಷ್ಟೇ, ನನ್ನ ಥರ ಆಗ್ಬೇಡಿ.

4. ಬೋರ್ಡು, ರ‍್ಯಾಮ್, ಎಸ್‌ಎಸ್‌ಡಿ

ಮಿನಿ ಐಟಿಎಕ್ಸ್ ಬೋರ್ಡ್ ಅಂದ್ರೆ 170 ಎಂಎಂ ಚೌಕ, 2001ರಲ್ಲಿ ವಿಯಾ ಕಂಪ್ನಿ ತಂದ ಅಳತೆ, ಇವತ್ತಿಗೂ ಅದೇ. ಒಂದೇ ಒಂದು ಗ್ರಾಫಿಕ್ಸ್ ಸ್ಲಾಟು, ಸಾಮಾನ್ಯವಾಗಿ ಎರಡೇ ರ‍್ಯಾಮ್ ಸ್ಲಾಟು. ಚಿಕ್ಕದಾದ್ರೂ ರೇಟು ಜಾಸ್ತಿ, ಇದನ್ನ ಒಪ್ಕೋಬೇಕು. ದುಡ್ಡು ಬಿಗಿಯಾಗಿದ್ರೆ 244 ಎಂಎಂ ಇರೋ ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ಹೋಗಿ, ಕೇಸು ಸ್ವಲ್ಪ ದೊಡ್ಡದಾಗತ್ತೆ, ಉಳಿದ ದುಡ್ಡಲ್ಲಿ ಯುಪಿಎಸ್ ಬರತ್ತೆ. ಚಿಕ್ಕಪ್ಪನ ಮಗನಿಗೆ ಹಾಗೇ ಮಾಡಿದ್ದು, ಅವನು ಬಸ್ಸಲ್ಲಿ ಓಡಾಡೋನಲ್ಲ.

ರ‍್ಯಾಮ್ ಸ್ಲಾಟ್ ಎರಡೇ ಇರೋದ್ರಿಂದ ಈಗ ಒಂದು ಆಮೇಲೆ ಒಂದು ಅನ್ನೋ ಆಟ ಬೇಡ, 16 ಜಿಬಿಯ ಜೋಡಿ ಒಂದೇ ಕಿಟ್ಟಲ್ಲಿ ತಗೊಳ್ಳಿ, ಡಿಡಿಆರ್5 6000. 2025ರ ಕೊನೆಯಿಂದ ಎಐ ಡೇಟಾ ಸೆಂಟರುಗಳ ಗಲಾಟೆಯಲ್ಲಿ ರ‍್ಯಾಮ್ ರೇಟು ಕರಿಮೆಣಸಿನ ರೇಟಿನ ಥರ ಹುಚ್ಚಾಪಟ್ಟೆ ಏರಿದೆ, ಕೈ ಸುಟ್ಕೊಳ್ಳೋದು ಬೇಡ ಅನ್ನೋರು 8ರ ಜೋಡಿಯಲ್ಲಿ ಸದ್ಯಕ್ಕೆ ಸುಧಾರಿಸ್ಬೋದು, ಇಲ್ಲಾಂದ್ರೆ ಹಳೇ ಎಎಂ4 ಸಾಕೆಟಿನ ಬೋರ್ಡು (7600ದ್ದು ಎಎಂ5, ಹಾಗಾಗಿ ಪ್ರೊಸೆಸರೂ ಹಳೇದೇ ಬೇಕು), ಡಿಡಿಆರ್4 ಸೆಕೆಂಡ್ ಹ್ಯಾಂಡ್ ನೋಡ್ಬೋದು. ರ‍್ಯಾಮಿನ ತಲೆ ಮೇಲೆ ಬಾಚಣಿಗೆ ಥರದ ಎತ್ತರದ ಹೀಟ್‌ಸಿಂಕ್ ಇರೋದು ಬೇಡ, ಕೂಲರಿಗೆ ತಾಗತ್ತೆ.

ಎಸ್‌ಎಸ್‌ಡಿ ಎಂ.2 ಎನ್‌ವಿಎಂಇ, 1 ಟಿಬಿ, ಅಂದ್ರೆ ನೇರ ಬೋರ್ಡಿಗೇ ಸಿಕ್ಕಿಸೋ ಪಟ್ಟಿ ಥರದ ಡ್ರೈವ್. ಐಟಿಎಕ್ಸ್ ಬೋರ್ಡಲ್ಲಿ ಎರಡನೇ ಸ್ಲಾಟು ಸಾಮಾನ್ಯವಾಗಿ ಬೋರ್ಡಿನ ಬೆನ್ನ ಮೇಲಿರತ್ತೆ, ಬೋರ್ಡು ಕೇಸೊಳಗೆ ಕೂತ ಮೇಲೆ ಕೈ ಹೋಗಲ್ಲ, ಹಾಕೋದಿದ್ರೆ ಮೊದಲೇ ಹಾಕಿ. ಇನ್ನೊಂದು ಊರಿನ ಉಪಾಯ: 100 ಜಿಬಿ ಗೇಮು ತೋಟದ ಮನೆ ನೆಟ್ಟಲ್ಲಿ ಇಳಿಸೋಕೆ ಹೋದ್ರೆ ಪುತ್ತರಿ ಹಬ್ಬಾನೇ ಬರತ್ತೆ. ಬೆಂಗಳೂರಿನ ರೂಮಲ್ಲಿ ಸ್ಟೀಮಿಂದ (ಗೇಮು ಮಾರೋ ಆನ್‌ಲೈನ್ ಅಂಗಡಿ) ಇಳಿಸ್ಕೊಂಡು ಆ ಗೇಮಿನ ಫೋಲ್ಡರನ್ನ ಎಕ್ಸ್‌ಟರ್ನಲ್ ಎಸ್‌ಎಸ್‌ಡಿಗೆ ಹಾಕ್ಕೊಂಡು ಬನ್ನಿ, ಇಲ್ಲಿ ಅದೇ ಜಾಗಕ್ಕೆ ಕಾಪಿ ಮಾಡಿ ಇನ್‌ಸ್ಟಾಲ್ ಒತ್ತಿದ್ರೆ ಸ್ಟೀಮ್ ಇರೋ ಫೈಲುಗಳನ್ನ ಗುರುತು ಹಿಡಿಯತ್ತೆ, ಚೂರುಪಾರು ಅಪ್‌ಡೇಟ್ ಅಷ್ಟೇ ಇಳಿಸತ್ತೆ.

5. ಎಸ್‌ಎಂಪಿಎಸ್ಸು, ನಮ್ಮೂರ ಕರೆಂಟು

ದಯವಿಟ್ಟು ಇಲ್ಲಿ ಜಿಪುಣತನ ಮಾಡ್ಬೇಡಿ. ಚಿಕ್ಕ ಕೇಸಿಗೆ ಬೇಕಾದ್ದು ಎಸ್‌ಎಫ್‌ಎಕ್ಸ್ ಸೈಜು: 125 ಎಂಎಂ ಅಗಲ, 63.5 ಎಂಎಂ ಎತ್ತರ, 100 ಎಂಎಂ ಆಳ. ಎಸ್‌ಎಫ್‌ಎಕ್ಸ್-ಎಲ್ ಅಂತ ಇನ್ನೊಂದಿದೆ, ಅದರ ಆಳ 130, ಆ 30 ಎಂಎಂ ಕೆಲವು ಕೇಸುಗಳಲ್ಲಿ ಕೇಬಲ್ ಜಾಗಾನೇ ತಿಂದು ಹಾಕತ್ತೆ. ಲೆಕ್ಕ ಹೀಗೆ: 7600 ಪೂರ್ತಿ ಲೋಡಲ್ಲಿ 88 ವ್ಯಾಟ್, ಕಾರ್ಡ್ 160, ಬೋರ್ಡು ಫ್ಯಾನು ಎಸ್‌ಎಸ್‌ಡಿ ಎಲ್ಲಾ ಸೇರಿ 50 ಇಡಿ, ಒಟ್ಟು 300. ಕಾರ್ಡುಗಳು ಕ್ಷಣಕ್ಕೆ ಮೇಲಕ್ಕೆ ಎಗರೋದ್ರಿಂದ 600, 650 ವ್ಯಾಟಿನ ಗೋಲ್ಡ್ ರೇಟಿಂಗಿಂದು (ಕರೆಂಟ್ ಕಮ್ಮಿ ವ್ಯರ್ಥ ಮಾಡೋದು) ತಗೊಂಡ್ರೆ ಮುಂದೆ ದೊಡ್ಡ ಕಾರ್ಡಿಗೂ ಆಗತ್ತೆ. ಒಂದು ಎಸ್‌ಎಂಪಿಎಸ್ ಕೇಬಲನ್ನ ಇನ್ನೊಂದಕ್ಕೆ ಹಾಕ್ಲೇಬೇಡಿ, ಪಿನ್ನು ಕೂರತ್ತೆ, ಒಳಗಿನ ವೈರಿಂಗ್ ಬೇರೆ ಇರತ್ತೆ, ಎಸ್‌ಎಸ್‌ಡಿ ಸುಟ್ಟೇ ಹೋಗತ್ತೆ. ವಿರಾಜಪೇಟೆ ಫ್ರೆಂಡಿನ ಹಳೇ ಡ್ರೈವ್ ಹಾಗೇ ಹೋಯ್ತು, ಅದರಲ್ಲಿ ಅವನ ತಂಗಿ ಮದುವೆ ಫೋಟೋ ಇತ್ತು, ಆ ವಿಷಯ ಈಗ್ಲೂ ಅವರ ಮನೇಲಿ ಎತ್ತೋ ಹಾಗಿಲ್ಲ.

ಈಗ ಅಸಲಿ ವಿಷಯ. ಮಾರ್ಚ್ ಏಪ್ರಿಲ್‌ನ ಹೂಮಳೆ ಕಾಫಿಗೆ ಅಮೃತ, ಪಿಸಿಗೆ ಯಮ. ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತು ಕೆಳಗೆ ಹಾಕೋದು ನಮ್ಮಲ್ಲಿ ಹುಟ್ಟುಗುಣ, ಒಳ್ಳೇದು, ಆದ್ರೆ ಲ್ಯಾನ್ ಕೇಬಲ್ ಮರೀತಾರೆ. ಸಿಡಿಲಿನ ಹೊಡೆತ ರೌಟರ್ ಅಡಾಪ್ಟರಿಂದ ಬಂದು ತಾಮ್ರದ ಲ್ಯಾನ್ ವೈರಲ್ಲಿ ನೇರ ಬೋರ್ಡಿಗೆ ಹೋಗತ್ತೆ. ಎರಡನ್ನೂ ಕೀಳಿ, ಇಲ್ಲಾಂದ್ರೆ ವೈಫೈ ಇರೋ ಬೋರ್ಡೇ ತಗೊಳ್ಳಿ, ಐಟಿಎಕ್ಸಲ್ಲಿ ಹೆಚ್ಚಿನವಕ್ಕೆ ಇದ್ದೇ ಇರತ್ತೆ.

ಸರ್ಜ್ ಪ್ರೊಟೆಕ್ಟರ್ ಹಾಕಿದೀನಿ ಅಂತ ಧೈರ್ಯವಾಗಿರ್ಬೇಡಿ, ಅರ್ಥಿಂಗ್ ಸರಿ ಇಲ್ಲದಿದ್ರೆ ಅದು ಹೆಚ್ಚುಕಮ್ಮಿ ಬರೀ ಎಕ್ಸ್‌ಟೆನ್ಶನ್ ಬಾಕ್ಸು. ಪಿಸಿ ಆನ್ ಇದ್ದಾಗ ಕೇಸಿನ ಬರೀ ತಗಡಿಗೆ ಕೈ ತಾಗಿ ಸಣ್ಣಗೆ ಜುಮ್ ಅಂದ್ರೆ, ಇರುವೆ ಹರಿದ ಹಾಗೆ ಅನಿಸಿದ್ರೆ, ಅರ್ಥಿಂಗ್ ಸರಿ ಇಲ್ಲ ಅಂತ ಅರ್ಥ. ಎಲೆಕ್ಟ್ರಿಷಿಯನ್ನ ಕರೆಸಿ ಮೀಟರ್ ಹಿಡಿಸಿ: ಫೇಸಿಗೂ ಅರ್ಥಿಗೂ ಮಧ್ಯೆ ಹತ್ರ ಹತ್ರ 230 ತೋರಿಸ್ಬೇಕು, ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯೆ ಒಂದೆರಡು ವೋಲ್ಟ್. ನಮ್ಮ ಹಳೇ ಮನೇಲಿ ಮೂರು ತೂತಿನ ಸಾಕೆಟ್ ಇತ್ತು, ಮೂರನೇ ತೂತಿನ ಹಿಂದೆ ವೈರೇ ಇರ್ಲಿಲ್ಲ.

ಯುಪಿಎಸ್ ಲೈನ್ ಇಂಟರಾಕ್ಟಿವ್ (ವೋಲ್ಟೇಜ್ ಏರಿಳಿತ ತಾನೇ ಸರಿ ಮಾಡೋದು) ಇರ್ಲಿ, 1000 ವಿಎ. ಡಬ್ಬದ ಮೇಲೆ ವಿಎ ನೋಡಿ ಮೋಸ ಹೋಗ್ಬೇಡಿ, ಸಾಮಾನ್ಯವಾಗಿ 600 ವಿಎ ಅಂದ್ರೆ ಸಿಗೋದು 360 ವ್ಯಾಟು. ಒಳ್ಳೇ ಎಸ್‌ಎಂಪಿಎಸ್ 100ರಿಂದ 240 ವೋಲ್ಟ್ ವರೆಗೆ ತಾನೇ ತಡ್ಕೊಳ್ಳತ್ತೆ, ವೋಲ್ಟೇಜ್ 180ಕ್ಕೆ ಬಿದ್ರೆ ಅದಕ್ಕೇನೂ ಆಗಲ್ಲ. ಯುಪಿಎಸ್ ಬೇಕಿರೋದು ಆಟ ಮುಂದುವರಿಸೋಕಲ್ಲ, ಸೇವ್ ಮಾಡಿ ಶಟ್‌ಡೌನ್ ಮಾಡೋಕೆ. ಮನೆ ಇನ್ವರ್ಟರ್ ಮೇಲೆ ಹಾಕೋದಿದ್ರೆ ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನ ಥರಾನೇ ನಯವಾದ ಅಲೆ ಕೊಡೋದು) ಆಗಿರ್ಬೇಕು, ಮತ್ತೆ ಅಮ್ಮ ಮಿಕ್ಸಿ ಹಾಕೋ ಟೈಮು ನೋಡ್ಕೊಳ್ಳಿ.

6. ತೇವ, ಬೂಷ್ಟು, ಇರುವೆ

ಮುಚ್ಚಳ ಇಲ್ಲದೆ ಓಡಿಸಿದ ಮಳೆಗಾಲದ ಕಥೆ ಹೇಳ್ತೀನಿ ಅಂದಿದ್ದೆ. ಆಗಸ್ಟಲ್ಲಿ ಒಂದಿನ ಪಿಸಿ ಆನ್ ಆಗ್ಲಿಲ್ಲ. ಟಾರ್ಚ್ ಹಿಡಿದು ನೋಡಿದ್ರೆ ಎಸ್‌ಎಂಪಿಎಸ್ ಬಿಸಿಗೆ ಅಂತ ಸಣ್ಣ ಕೆಂಪಿರುವೆಗಳು ಸಂಸಾರ ಹೂಡಿವೆ, ರ‍್ಯಾಮ್ ಸ್ಲಾಟಿನ ಸಂದಿಯಲ್ಲಿ ಬಿಳಿ ಮೊಟ್ಟೆ ಸಾಲು, ಕೇಸಿನ ಸ್ಕ್ರೂಗಳ ತಲೆ ಮೇಲೆ ತುಕ್ಕು. ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತೆ ಹಳೇ ಟೂತ್‌ಬ್ರಷ್ ಹಿಡ್ಕೊಂಡು ಅರ್ಧ ದಿನ ಕೂತೆ. ಪುಣ್ಯಕ್ಕೆ ಬದುಕ್ತು.

ಆನ್ ಇರೋ ಪಿಸಿ ರೂಮಿಗಿಂತ ಬೆಚ್ಚಗಿರತ್ತೆ, ಅದರ ಮೇಲೆ ನೀರು ಹನಿಗಟ್ಟಲ್ಲ. ಕೆಡೋದು ಆಫ್ ಮಾಡಿ ವಾರಗಟ್ಟಲೆ ಬಿಟ್ಟಾಗ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ ಆದ್ರೂ ಓಡಿಸಿ. ಊರಿಗೆ ಬರೋದೇ ತಿಂಗಳಿಗೊಮ್ಮೆ ಅಂದ್ರೆ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು ಹೋಗಿ, ಚಿಕ್ಕ ಪಿಸಿ ಆಗಿರೋದ್ರಿಂದಾನೇ ಇದು ಆಗೋದು, ಟವರ್ ಕೇಸಿಗೆ ಡಬ್ಬ ಎಲ್ಲಿಂದ ತರ್ತೀರಿ. ಜೆಲ್ಲಿನ ಬಣ್ಣ ಬದಲಾದ್ರೆ ಹೊಸದು ಹಾಕಿ, ಅಡುಗೆ ಬಾಣಲೆಯಲ್ಲಿ ಹುರಿಯೋ ಸಾಹಸ ಬೇಡ. ನಮ್ಮ ಚಿಕ್ಕಪ್ಪ "ಒಲೆ ಮೇಲಿನ ಅಟ್ಟದಲ್ಲಿ ಇಡು ಮಗ, ಏನಿಟ್ರೂ ಹಾಳಾಗಲ್ಲ" ಅಂದ್ರು. ಹಾಳಾಗದೇ ಇರೋದು ಹಂದಿ ಮಾಂಸ ಚಿಕ್ಕಪ್ಪ, ಪಿಸಿ ಅಲ್ಲ ಅಂದೆ. ಹೊಗೆ ಜಿಡ್ಡು ಫ್ಯಾನಿಗೆ ಕೂತ್ರೆ ಬಿಡಿಸೋಕಾಗಲ್ಲ.

ಹೊರಗೋಡೆಗೆ ಅಂಟಿಸಿ ಇಡ್ಬೇಡಿ, ನೆಲದ ಮೇಲೂ ಬೇಡ. ಡಿಸೆಂಬರಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಒಣಗ್ತಿರೋ ಟೈಮಲ್ಲಿ ಧೂಳು ವಿಪರೀತ, ಕಳಚಿ ತೊಳೆಯೋ ಫಿಲ್ಟರ್ ಇರೋ ಕೇಸೇ ಆರಿಸಿ.

7. ತಗೋಳೋದು ಎಲ್ಲಿ

ಮಡಿಕೇರಿ, ಕುಶಾಲನಗರ, ಗೋಣಿಕೊಪ್ಪದಲ್ಲಿ ಮಾಮೂಲಿ ಪಾರ್ಟ್ಸ್ ಸಿಗತ್ತೆ, ಐಟಿಎಕ್ಸ್ ಸಾಮಾನು ಸಿಗೋದು ಅಪರೂಪ. ಬೆಂಗಳೂರಿನ ಎಸ್‌ಪಿ ರೋಡಿಗೆ ಒಂದು ಶನಿವಾರ ಹೋಗಿ, ಟೇಪು ಹಿಡ್ಕೊಂಡು, ಅಂಗಡಿಯವರು ನಕ್ರೂ ಪರ್ವಾಗಿಲ್ಲ. ಶೇಕಡಾ 18 ಜಿಎಸ್‌ಟಿ ಉಳಿಸ್ತೀನಿ, ಬಿಲ್ ಬೇಡ ಅನ್ನೋರ ಹತ್ರ ತಗೋಬೇಡಿ, ವಾರಂಟಿಗೆ ಆ ಬಿಲ್ಲೇ ಗತಿ. ಆನ್‌ಲೈನಾದ್ರೆ ತೋಟದ ಅಡ್ರೆಸ್ ಬದಲು ಟೌನಿನ ಪರಿಚಯದ ಅಂಗಡಿ ಅಡ್ರೆಸ್ ಕೊಡಿ, ಡಬ್ಬ ಒಡೆಯೋವಾಗ ವಿಡಿಯೋ ಮಾಡಿ. ಬೋರ್ಡಿನ ಸಾಕೆಟಲ್ಲಿ ಪಿನ್ನು ಬಗ್ಗಿದ್ಯಾ ಅಂತ ಆ ವಿಡಿಯೋದಲ್ಲೇ ತೋರಿಸಿ, ಎಎಂ5ರಲ್ಲಿ ಪಿನ್ನು ಇರೋದು ಬೋರ್ಡಲ್ಲಿ, ಆಮೇಲೆ ಅದನ್ನ ನೀವೇ ಬಗ್ಗಿಸಿದ್ದು ಅಂತಾರೆ.

8. ಜೋಡಿಸೋದು

ಬೋರ್ಡು ಕೇಸೊಳಗೆ ಹೋಗೋ ಮೊದಲು ಅದರ ರಟ್ಟಿನ ಡಬ್ಬದ ಮೇಲೇ ಇಟ್ಟು ಪ್ರೊಸೆಸರ್, ರ‍್ಯಾಮ್, ಕೂಲರ್ ಹಾಕಿ ಒಂದ್ಸಲ ಆನ್ ಮಾಡಿ ನೋಡಿ. ಈ ಪ್ರೊಸೆಸರಲ್ಲಿ ಸಣ್ಣ ಗ್ರಾಫಿಕ್ಸ್ ಇರೋದ್ರಿಂದ ಕಾರ್ಡ್ ಇಲ್ಲದೇನೂ ಬೋರ್ಡಿನ ಎಚ್‌ಡಿಎಂಐನಲ್ಲಿ ಚಿತ್ರ ಬರತ್ತೆ. ಎಎಂ5 ಬೋರ್ಡು ಮೊದಲನೇ ಸಲ ರ‍್ಯಾಮ್ ಟ್ರೈನಿಂಗ್ ಅಂತ ಮಾಡ್ಕೊಳ್ಳತ್ತೆ, ಸ್ಕ್ರೀನು ಕಪ್ಪಗೆ, ಫ್ಯಾನು ಮಾತ್ರ ತಿರುಗ್ತಾ ಇರತ್ತೆ, ಕೆಲವು ನಿಮಿಷ ಏನೂ ಬರಲ್ಲ. ನಾನು ಸತ್ತೇ ಹೋಯ್ತು ಅಂತ ಮೂರು ಸಲ ಆಫ್ ಮಾಡಿ, ರ‍್ಯಾಮ್ ಕಿತ್ತು ಹಾಕಿ, ಪ್ರತಿ ಸಲಾನೂ ಅದು ಮೊದಲಿಂದ ಶುರು ಮಾಡೋ ಹಾಗೆ ಮಾಡಿದೆ. ಒಂದು ಕಪ್ ಬೆಲ್ಲದ ಕಾಫಿ ಮಾಡ್ಕೊಂಡು ಬನ್ನಿ, ಬಂದಿರತ್ತೆ.

ಕೇಸೊಳಗೆ ಕೂರಿಸೋವಾಗ ಸಿಪಿಯುನ 8 ಪಿನ್ ಕೇಬಲನ್ನ ಕೂಲರ್ ಅಡ್ಡ ಬರೋ ಮೊದಲೇ ಸಿಕ್ಕಿಸಿ. ಗ್ರಾಫಿಕ್ಸ್ ಕಾರ್ಡ್ ಕೊನೇಲಿ. ಬಸ್ಸಲ್ಲಿ ತಗೊಂಡು ಹೋಗೋದಾದ್ರೆ ಆ ಕಾರ್ಡ್ ಬಿಚ್ಚಿ ಬೇರೆ ಸುತ್ತಿ, ಸುಂಟಿಕೊಪ್ಪ ದಾಟಿದ ಮೇಲಿನ ತಿರುವುಗಳಿಗೆ ಸ್ಲಾಟು ಅಲ್ಲಾಡಿ ಹೋಗತ್ತೆ, ಬ್ಯಾಗು ತೊಡೆ ಮೇಲಿರ್ಲಿ, ಡಿಕ್ಕಿಗೆ ಹಾಕ್ಬೇಡಿ.

ವಿಂಡೋಸ್ ಹಾಕೋ ಮೊದಲು ಬಯೋಸಲ್ಲಿ ಎಕ್ಸ್‌ಪೋ ಆನ್ ಮಾಡಿ, ಇಲ್ಲಾಂದ್ರೆ 6000ದ ರ‍್ಯಾಮ್ 4800ರಲ್ಲೇ ಓಡ್ತಾ ಇರತ್ತೆ. ಅಲ್ಲೇ ಕರೆಂಟ್ ಹೋಗಿ ಬಂದ್ರೆ ಏನು ಮಾಡ್ಬೇಕು ಅನ್ನೋ ಸೆಟ್ಟಿಂಗ್ ಇರತ್ತೆ, ಅದನ್ನ ಆಫಲ್ಲೇ ಬಿಡಿ. ಬೆಂಗಳೂರಿಂದ ರಿಮೋಟಲ್ಲಿ ಬಳಸೋಣ ಅಂತ ನಾನು ಆನ್ ಮಾಡಿದ್ದೆ. ಜುಲೈಯ ಒಂದು ರಾತ್ರಿ ಎರಡು ಗಂಟೆಗೆ ಕರೆಂಟ್ ಬಂತು, ಕತ್ತಲೆ ರೂಮಲ್ಲಿ ಪಿಸಿ ತಾನೇ ಎದ್ದು ಫ್ಯಾನೆಲ್ಲ ಕೆಂಪು ನೀಲಿ ಹಸಿರು ಬೆಳಗೋಕೆ ಶುರು ಮಾಡ್ತಂತೆ, ನೀರು ಕುಡಿಯೋಕೆ ಎದ್ದಿದ್ದ ಅಜ್ಜಿ ದೇವರ ದೀಪದ ಹತ್ರ ಹೋಗಿ ಕೂತವರು ಬೆಳಗಿನವರೆಗೂ ಏಳ್ಲಿಲ್ಲ.